ಇಬ್ಬರು ಚಿಕ್ಕತಾಯಮ್ಮ

ಬಳೇಪೇಟೆಯ ಹಾರ್ಮೋನಿಯಂ ರಿಪೇರಿ ಅಂಗಡಿಯ ಮೇಲೆ
ಕಡಿದಾದ ಮೆಟ್ಟಿಲು ಹತ್ತಿದರೆ ಒಂದೇ ಕೋಣೆ.
ತಿಂಗಳ ಮೂರನೇ ಶನಿವಾರ ಅಲ್ಲಿ ಸೇರಿ
ಹೆಸರುಗಳನ್ನು ಕಂಪ್ಯೂಟರಿಗೆ ಇಳಿಸುವುದು ಕಲಿಯುತ್ತೇವೆ.

ಸತ್ತವರ ಕಣ್ಣು ತರಲು ನಡುರಾತ್ರಿ ಸ್ಕೂಟರ್ ಹತ್ತುವ ಗುರುಬಸಪ್ಪ,
ಬೀದಿನಾಯಿಗಳಿಗೆ ಸೂಜಿ ಹಾಕಿಸುವ ಅಫ್ರೋಜ್, ಕೈತುಂಬ ಗೀರು,
ಚಿಂದಿ ಆಯುವವರ ಸಂಘದ ಕೆಂಪರಾಜಮ್ಮ,
ಮತ್ತೆ ನಾನು, ಕೃತಕ ಕಾಲು ಕೊಡುವ ಟ್ರಸ್ಟಿನಲ್ಲಿ ಲೆಕ್ಕ ಬರೆಯುವವಳು,
ಹತ್ತೊಂಬತ್ತು ವರ್ಷದ ಲೆಡ್ಜರನ್ನು
ಹಳೇ ಟವಲಿನಲ್ಲಿ ಸುತ್ತಿ ತಂದವಳು.

ಕಲಿಸುವ ಶೆರ್ಲಿ ಲಿಂಗರಾಜಪುರದವಳು. ಇದಕ್ಕೆ ಸಂಬಳವಿಲ್ಲ.
"ಈ ಸಾಫ್ಟ್‌ವೇರಿಗೆ ಯಜಮಾನ ಅಂತ ಇಲ್ಲ," ಎಂದಳು ಮೊದಲ ದಿನ.
"ಕೆಟ್ಟರೆ ಯಾರನ್ನ ಬೈಯೋದು?" ಗುರುಬಸಪ್ಪ.
"ನಮ್ಮನ್ನೇ. ಬೈದು ಆದಮೇಲೆ ರಿಪೇರಿ."
ಕೆಳಗೆ ಯಾರೋ ಒಂದೇ ಸ್ವರವನ್ನು ಒತ್ತಿ ಹಿಡಿದು
ಕೆರೆಯುತ್ತಿದ್ದರು, ಮತ್ತೆ ಒತ್ತಿ, ಮತ್ತೆ ಕೆರೆದು.

ಫಾರಂ ಕೇಳಿತು: ಮನೆತನದ ಹೆಸರು?
ಪಕ್ಕದಲ್ಲಿ ಕೆಂಪು ಚುಕ್ಕಿ; ತುಂಬದೆ ಮುಂದಕ್ಕೆ ಬಿಡದು.
ನನ್ನ ಲೆಡ್ಜರಿನಲ್ಲಿ ಮನೆತನಗಳಿಲ್ಲ.
ಎಂ., ಟಿ., ಹೆಚ್. ಎಂದು ಒಂದಕ್ಷರಕ್ಕೆ ಕುಗ್ಗಿದ ಅಪ್ಪಂದಿರು,
ಇಲ್ಲವೇ 'ಗೇಟಿನ ಹತ್ತಿರ ಕೂರುವವರು',
'ಎಡಗಾಲು, ಸೈಜು ಏಳು, ಸಿಟ್ಟು ಜಾಸ್ತಿ'.
ಶೆರ್ಲಿ ಯಾವುದೋ ಬಾಗಿಲು ತೆರೆದು ಒಳಹೊಕ್ಕು
ಚುಕ್ಕಿಯನ್ನೇ ತೆಗೆದು ಬಂದಳು.
ಇಷ್ಟೇನಾ, ಅಂದೆ.
ಇಷ್ಟೇ, ಅಂದಳು, ವಡೆಯ ಎಣ್ಣೆ ಒರೆಸಿಕೊಳ್ಳುತ್ತ.

ಇವತ್ತಿನ ಪಾಠ, ಎರಡೆರಡು ಸಲ ನಮೂದಾದವರನ್ನು ಒಂದು ಮಾಡುವುದು.
ಅದೇ ಹುಡುಕಿ ತೋರಿಸುತ್ತದೆ.
ಪರದೆಯ ಎಡಕ್ಕೊಬ್ಬ ಚಿಕ್ಕತಾಯಮ್ಮ,
ಬಲಕ್ಕೊಬ್ಬ ಚಿಕ್ಕತಾಯಮ್ಮ,
ಅದೇ ಫೋನು, ಅದೇ ಗೌರಿಪಾಳ್ಯ, ಅದೇ ಅಡ್ಡರಸ್ತೆ.
ಗುಂಡಿ ಒತ್ತಲು ನನ್ನ ಬೆರಳು ಹೊರಟಿತ್ತು.

"ತಡೀರಿ." ಕೆಂಪರಾಜಮ್ಮ ಕುರ್ಚಿ ಎಳೆದುಕೊಂಡೇ ಬಂದಳು.
"ಒಬ್ಬಳು ಅತ್ತೆ, ಒಬ್ಬಳು ಸೊಸೆ. ನಮ್ಮ ಸಂಘದೋರೇ.
ಹೆಸರು ಒಂದೇ ಅಂತ ಹೆಣ್ಣು ನೋಡೋಕೆ ಹೋದಾಗಲೇ ನಕ್ಕಿದ್ದೋ.
ಇರೋದೊಂದು ಫೋನು. ಬೆಳಿಗ್ಗೆ ಅತ್ತೆ ಸೊಂಟದಲ್ಲಿ,
ಮಧ್ಯಾಹ್ನದ ಮೇಲೆ ಸೊಸೆ ಹತ್ರ.
ಲಾರಿ ಹರಿದದ್ದು ಸೊಸೆ ಕಾಲಿನ ಮೇಲೆ.
ಒಂದು ಮಾಡಿಬಿಟ್ರೆ ನಿಮ್ಮ ಕಾಲು ಯಾರ ಮನೆ ಬಾಗಿಲಿಗೆ ಹೋಗತ್ತೆ?"

ಟವಲು ಬಿಚ್ಚಿದೆ.
ಪುಟ ನೂರ ಹನ್ನೊಂದು: ಚಿಕ್ಕತಾಯಮ್ಮ, ಬಲಗಾಲು, ಮಂಡಿಯಿಂದ ಕೆಳಗೆ.
ದಾನಿಗಳ ಪುಟದಲ್ಲಿ: ಚಿಕ್ಕತಾಯಮ್ಮ, ತಿಂಗಳಿಗೆ ಐವತ್ತು, ಎಲ್ಲ ಚಿಲ್ಲರೆ.
ಎರಡೂ ನನ್ನದೇ ಕೈಬರಹ, ಅದೇ ಹಸಿರು ಶಾಯಿ.
ಆ ಚಿಲ್ಲರೆ ಎಣಿಸಿ ರಸೀದಿ ಕೊಟ್ಟವಳು ನಾನೇ.
ಅವಳು ಯಾರಿಗಾಗಿ ಕೊಡುತ್ತಿದ್ದಾಳೆಂದು ಒಂದು ದಿನ ಕೇಳಲಿಲ್ಲ.

"ಸಂಬಂಧ ಅಂತ ಒಂದು ಕಡೆ ಇದೆ, ನೋಡಿ," ಎಂದಳು ಶೆರ್ಲಿ.
ಗಂಡ, ಹೆಂಡತಿ, ಮಗು, ನೌಕರ ಇದ್ದರು.
ಅತ್ತೆ ಇರಲಿಲ್ಲ.
ಸೇರಿಸಿದೆವು. ಕೂಡಲೇ ಅದು ಕೇಳಿತು:
ಆ ಕಡೆಯಿಂದ ನೋಡಿದರೆ ಏನು?
ನಾಲ್ಕೂ ಜನ ಒಟ್ಟಿಗೆ, ಶಾಲೆಯ ಮಕ್ಕಳ ಹಾಗೆ: ಸೊಸೆ.

ಅಷ್ಟರಲ್ಲಿ ಗುರುಬಸಪ್ಪನ ಫೋನು ಬಂತು.
ಹನುಮಂತನಗರದಲ್ಲಿ ಯಾರೋ ಹೋಗಿದ್ದಾರೆ,
ಆರು ಗಂಟೆಯೊಳಗೆ ಕಣ್ಣು ತೆಗೆಯಬೇಕು.
"ಇವರು ನನ್ನ ಪಟ್ಟಿಯಲ್ಲೇ ಇದ್ದರು," ಎಂದ ಹೆಲ್ಮೆಟ್ ಹುಡುಕುತ್ತ,
"ಸತ್ತವರು ಅಂತ ಎಲ್ಲಿ ಗುರುತು ಹಾಕೋದು, ಶೆರ್ಲಿ?"
"ಮೊದಲು ಹೋಗಿ ಬನ್ನಿ. ಅದು ಸೋಮವಾರ ಹಾಕಿದರೂ ನಡೆಯತ್ತೆ."
ಮೆಟ್ಟಿಲಿನ ಸದ್ದು. ಅರ್ಧ ಉಳಿದ ವಡೆ.

ಷರಾ ಎಂಬ ಖಾಲಿ ಜಾಗದಲ್ಲಿ
ಒಂದೊಂದೇ ಅಕ್ಷರ ಹುಡುಕಿ ಒತ್ತಿದೆ:
ಬೆಳಿಗ್ಗೆ ಫೋನು ಮಾಡಿದರೆ ಅತ್ತೆ ಎತ್ತುತ್ತಾರೆ.
ಕಾಲಿನ ಅಳತೆಗೆ ಕರೆಯುವುದಾದರೆ ಎರಡು ಗಂಟೆಯ ಮೇಲೆ.
ಅತ್ತೆಯ ಹತ್ತಿರವೂ ಒಂದು ಮಾತಾಡಿ.